ಮಡಕೆಯ ಜಾಗದಲ್ಲಿ ತಾವರೆ

ಮಾನ್ಯ ಪುರಾತತ್ವ ಅಧಿಕಾರಿಗಳೇ,

ನಮ್ಮೂರ ಶಿವಾಲಯದ ಹಿಂಗೋಡೆಯಲ್ಲಿ ನಿಂತ ಹೆಂಗಸಿನ ಕೈಯಿಂದ ತಾವು ಅನ್ನದ ಮಡಕೆ ಕಸಿದು ತಾವರೆ ಕೊಟ್ಟಿದ್ದೀರಿ. ಪಕ್ಕದಲ್ಲೇ ಫಲಕವನ್ನೂ ನೆಡಿಸಿದ್ದೀರಿ: ‘ತಾವರೆ ಹಿಡಿದ ನಾಯಿಕೆ, ಹದಿಮೂರನೆಯ ಶತಮಾನ. ಸ್ಥಳೀಯರ ಕಥೆಗೆ ಆಧಾರವಿಲ್ಲ.’ ಆ ತಾವರೆಗೆ ಇನ್ನೂ ಎರಡು ತಿಂಗಳು ತುಂಬಿಲ್ಲ ಸ್ವಾಮಿ. ಅದನ್ನು ಕೆತ್ತಿದವನು ನಾನೇ.

ಆಧಾರವಿಲ್ಲದ ಆ ಕಥೆ ಇಷ್ಟೇ. ಗುಡಿ ಕಟ್ಟಿದ ನಮ್ಮ ಹಿರೀಕನಿಗೆ ಹೆಂಡತಿ ದಿನವೂ ಪಖಾಳ, ಅಂದರೆ ನೀರಲ್ಲಿ ನೆನೆದ ಅನ್ನ, ತರುತ್ತಿದ್ದಳು. ಕಳಶ ಏರಿಸಿದ ದಿನ ಆತ ಊಟವನ್ನೇ ಮರೆತ. ತಾನೂ ಉಣ್ಣದೆ ಕಾದು ಕಾದು ಅವಳು ಮಡಕೆ ಹಿಡಿದೇ ಕಲ್ಲಾದಳು. ಅಂದಿನಿಂದ ಪ್ರತಿ ವರ್ಷ ಏಪ್ರಿಲ್‌ನ ಪಣ ಸಂಕ್ರಾಂತಿಯಂದು, ನಮ್ಮ ಹೊಸವರ್ಷದ ದಿನ, ನಮ್ಮ ಮನೆ ಸೊಸೆ ಆ ಕಲ್ಲಿನ ತುಟಿಗೆ ಒಂದು ತುತ್ತು ಮುಟ್ಟಿಸುತ್ತಾಳೆ. ಆಮೇಲಷ್ಟೇ ನಮ್ಮ ಮನೆಯಲ್ಲಿ ಪಖಾಳ. ನನ್ನಮ್ಮ ಕುಂತಳಾ ಐವತ್ತೆರಡು ವರ್ಷ ಉಣಿಸಿದ್ದಾಳೆ. ತಮ್ಮ ಇಲಾಖೆಯಲ್ಲಿ ಅಷ್ಟು ವರ್ಷ ಕೆಲಸ ಮಾಡಿದ ಗುಮಾಸ್ತರಾದರೂ ಇದ್ದಾರೆಯೇ?

ಫಾಲ್ಗುಣದಲ್ಲಿ ತಮ್ಮದೇ ಅಟ್ಟಣಿಗೆಯ ಬಿದಿರು ಬಿದ್ದು ಮಡಕೆ ಒಡೆಯಿತು. ದುರಸ್ತಿಗೆ ಕರೆಸಿದ್ದು ನನ್ನನ್ನು. ‘ಸಾಹೇಬರೇ, ಅಲ್ಲಿದ್ದದ್ದು ಮಡಕೆ’ ಅಂದೆ. ತಾವು ಪುಸ್ತಕ ಬಿಡಿಸಿ ನಾಯಿಕೆಯರ, ಅಂದರೆ ಗುಡಿಗೋಡೆಯ ಚೆಲುವೆಯರ, ಚಿತ್ರ ತೋರಿಸಿದಿರಿ. ‘ನಾಯಿಕೆ ಕೈಲಿ ಮಡಕೆ ಎಲ್ಲಯ್ಯಾ ಇರುತ್ತೆ? ತಾವರೆ ಮಾಡು. ಇಲ್ಲಾಂದ್ರೆ ಬೇರೆಯವರನ್ನ ಕರೆಸ್ತೀನಿ.’ ನಾನು ಉಳಿ ಎತ್ತಿಕೊಂಡೆ. ಚೆನ್ನಾಗಿಯೇ ಕೆತ್ತಿದೆ, ಅದೇ ನನ್ನ ನಾಚಿಕೆ. ಮನೆಯಲ್ಲಿ ಹೇಳುವ ಧೈರ್ಯವೂ ಆಗಲಿಲ್ಲ.

ಮೊನ್ನೆ ಸಂಕ್ರಾಂತಿಗೆ ಅಮ್ಮ ಪಖಾಳ ಹಿಡಿದು ಗುಡಿಗೆ ಹೋದಳು, ಜೊತೆಗೆ ನಾನೂ. ಬಹಳ ಹೊತ್ತು ನೋಡಿದಳು.

‘ಕೃತಿವಾಸ, ಇವಳ್ಯಾರೋ?’

‘ಅವಳೇ ಕಣಮ್ಮ.’

‘ಅಲ್ಲ. ನಮ್ಮವಳ ಕೈಲಿ ಅನ್ನ ಇತ್ತು. ಹೂ ಹಿಡ್ಕೊಂಡು ನಿಂತವಳಿಗೆ ಹಸಿವೆಲ್ಲಿರುತ್ತೆ? ಯಾರು ಮಾಡಿದ್ದೋ ಇದನ್ನ?’

ಸುಳ್ಳು ಬಾಯಿಗೆ ಬರಲಿಲ್ಲ. ‘ನಾನೇ’ ಅಂದೆ. ಅಮ್ಮ ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಂದ ಅನ್ನವನ್ನು ಹಾಗೇ ವಾಪಸು ತಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಪಖಾಳ ಮುಟ್ಟಿಲ್ಲ.

ಕಥೆಗೆ ಆಧಾರ ಕೇಳುವವರೇ, ತಮ್ಮ ಫಲಕಕ್ಕೆ ಯಾವ ಆಧಾರವಿದೆ? ನಾಳೆ ಯಾರೋ ವಿದ್ವಾಂಸರು ನನ್ನ ತಾವರೆಯ ಎಸಳು ಎಣಿಸಿ ಪ್ರಬಂಧ ಬರೆದರೆ ಅದು ಇತಿಹಾಸ. ಅಮ್ಮ ಹೇಳಿದರೆ ಅದು ಕಟ್ಟುಕಥೆ, ಅಲ್ಲವೇ?

ಒಡೆದ ಮಡಕೆಯ ಚೂರುಗಳನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ. ತಾವರೆ ತೆಗೆದು ಅವನ್ನು ಕೂಡಿಸಲು ಅಪ್ಪಣೆ ಕೊಡಿ, ಮುಂದಿನ ಸಂಕ್ರಾಂತಿಯೊಳಗೆ. ಅಮ್ಮನಿಗೆ ಎಪ್ಪತ್ತೆಂಟು. ಆಗದಿದ್ದರೆ ಫಲಕದಿಂದ ಆ ಶತಮಾನವನ್ನು ಅಳಿಸಿ ನನ್ನ ಹೆಸರು ಬರೆಸಿ. ಅವಳ ಅನ್ನ ಕಿತ್ತುಕೊಂಡವನು ಯಾರೆಂದು ಓದುವವರಿಗೆ ತಿಳಿಯಲಿ.

ಇಂತಿ,
ತಮ್ಮ ಹದಿಮೂರನೆಯ ಶತಮಾನದ ಶಿಲ್ಪಿ,
ಕೃತಿವಾಸ ಮಹಾರಣಾ
ಪ್ರಾಚೀ ನದಿಯ ದಂಡೆ, ಒಡಿಶಾ