ಹೊಸ ರೋಗಿಗೆ ನಾನು ಹೇಳಿದ ನಿಜ

ಮಾರ್ಚ್ ೧೧, ಮಂಗಳವಾರ

ಇಂದು ಮಧ್ಯಾಹ್ನ ನಾನು ಸತತ ಐದು ನಿಮಿಷ ನಿಜವನ್ನೇ ಹೇಳಿದೆ. ಇತಿಹಾಸ ಇದನ್ನು ಗಮನಿಸಲಿ.

ಚಿಕ್ಕಮ್ಮನ ಅಕ್ಯುಪಂಕ್ಚರ್ ಕ್ಲಿನಿಕ್ಕಿನಲ್ಲಿ ಹೊಸ ರೋಗಿಗಳೊಂದಿಗೆ ಮಾತಾಡಲು ನನಗೆ ನಿಷೇಧವಿತ್ತು. ಕೆಲಸಕ್ಕೆ ಸೇರಿದ ವಾರವೇ ಒಬ್ಬರಿಗೆ, ಎದೆಗೆ ಚುಚ್ಚಿದ ಸೂಜಿ ಬೆನ್ನಲ್ಲಿ ಹೊರಬಂದರೆ ಗಾಬರಿಯಾಗಬೇಡಿ ಎಂದು ಗಂಭೀರವಾಗಿ ಹೇಳಿ ಓಡಿಸಿದ್ದೆ.

ಇಂದು ಬಂದವರು ಬಸ್ ಡ್ರೈವರ್. ಮೂರು ವಾರದಿಂದ ಕತ್ತು ತಿರುಗದೆ ಕೆಲಸಕ್ಕೆ ಹೋಗಿಲ್ಲ. ಸೂಜಿಯ ಟ್ರೇ ಕಂಡದ್ದೇ ಮತ್ತೆ ಚಪ್ಪಲಿ ಮೆಟ್ಟಿದರು. ಚಿಕ್ಕಮ್ಮ ಒಳಗೆ ಇನ್ನೊಬ್ಬರಿಗೆ ಸೂಜಿ ಹಾಕುತ್ತಿದ್ದರು. ಉಳಿದವಳು ನಾನೊಬ್ಬಳೇ.

“ನೋಯುತ್ತೇನಮ್ಮಾ?”

“ಇರುವೆ ಕಚ್ಚಿದಷ್ಟು. ಆಮೇಲೆ ಅಲ್ಲಿ ಸ್ವಲ್ಪ ಭಾರ ಅನ್ಸುತ್ತೆ. ಇಪ್ಪತ್ತು ನಿಮಿಷ ಮಲಗ್ಬೇಕು. ಅದಕ್ಕೂ ಮುಂಚೆ ನಾಲಿಗೆ, ನಾಡಿ ನೋಡ್ತಾರೆ, ನಿದ್ದೆ, ಹೊಟ್ಟೆ ಎಲ್ಲ ಕೇಳ್ತಾರೆ. ಬೇರೆ ಮಾತ್ರೆ ತಗೋತಿದ್ರೆ ಮುಚ್ಚಿಡ್ಬೇಡಿ.”

“ಒಂದೇ ಸಲಕ್ಕೆ ಹೋಗುತ್ತಾ?”

“ಹೋಗಲ್ಲ. ನಾಲ್ಕೈದು ಸಲ ಬಂದ್ಮೇಲೆ ಗೊತ್ತಾಗುತ್ತೆ. ಚೀನೀ ಬೇರಿನ ಕಷಾಯ ಕೊಟ್ರೆ, ಅದು ಮಾತ್ರ ಕೆಟ್ಟ ಕಹಿ.”

ಆ ಕಹಿಯ ಮಾತು ಕೇಳಿಯೇ ಅವರು ನನ್ನನ್ನು ನಂಬಿದರು. ಚಪ್ಪಲಿ ಬಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಪರದೆಯಾಚೆ ಗೊರಕೆ ಕೇಳಿಸಿತು. ನನ್ನ ಎದೆ ಉಬ್ಬಿ ಕುರ್ಚಿ ಸಾಲದಾಯಿತು.

ಸಂಜೆ ಚಿಕ್ಕಮ್ಮ, “ಏನೇ ಹೇಳ್ದೆ ಅವ್ರಿಗೆ?” ಎಂದರು.

“ನಿಜ.”

ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದರು. ಆಮೇಲೆ, “ನಾಳೆಯಿಂದ ಹೊಸಬ್ರ ಹತ್ರ ನೀನೇ ಮಾತಾಡು,” ಎಂದರು.

ಇಂಥ ಪದವಿಗೇರಿದವಳು ಇನ್ನು ತಮಾಷೆ ಮಾಡಬಾರದು. ಕನಿಷ್ಠ ಊಟದ ಹೊತ್ತಿನವರೆಗಾದರೂ...