ಚುಕ್ಕಿ ನಿಂತ ಜಾಗ

ಹೊಳೆದಂಡೆ, ಬೀಳಗಿ ತಾಲೂಕು
ಗುರುವಾರ, 19 ಸೆಪ್ಟೆಂಬರ್ 2024, ಬೆಳಗಿನ ಏಳು ಗಂಟೆ

ಪ್ರೀತಿಯ ತಮ್ಮಾ ಹಾಲೇಶ,

ಅಕ್ಕ ಲಗಮವ್ವನ ಆಶೀರ್ವಾದ. ಮೊದಲು ನಿನ್ನ ಸುದ್ದಿ ಹೇಳು. ಮುಂಗೈ ಮೇಲೆ ಬಿಸಿ ಎಣ್ಣೆ ಸಿಡಿದದ್ದು ಮಾಯಿತೇ? ನಿದ್ದೆ ಬರುತ್ತದೆಯೇ, ಇಲ್ಲ ಇನ್ನೂ ಉಸಿರು ಕಟ್ಟಿದವರ ಹಾಗೆ ಎದ್ದು ಕೂಡುತ್ತೀಯೋ? ಮಿರಜ ಸ್ಟೇಷನ್ನಿನ ಎದುರಿನ ಖಾನಾವಳಿಯಲ್ಲಿ ಚಪಾತಿ ಲಟ್ಟಿಸುವವನಿಗೆ ಹೊಟ್ಟೆತುಂಬ ಊಟವಂತೂ ಸಿಗುತ್ತದೆ, ಆ ಚಿಂತೆ ನನಗಿಲ್ಲ. ಅವ್ವ ಆರಾಮ ಇದ್ದಾಳೆ. ನಾನೂ ಆರಾಮ. ಮನೆಯಲ್ಲಿ ಆರಾಮ ಇಲ್ಲದವನು ನೀನೊಬ್ಬನೇ. ಯಾಕೆಂದರೆ ಸೋಮವಾರ ಬೆಳಿಗ್ಗೆಯಿಂದ ನೀನು ಹೊಳೆಯಲ್ಲಿ ಮುಳುಗಿ ಹೋಗಿದ್ದೀ.

ಗಾಬರಿಯಾಗಬೇಡ. ಗಾಬರಿಯಾಗಬೇಕಾದವರು ನಾವು ಇಲ್ಲಿದ್ದೇವೆ. ಬುಡದಿಂದ ಹೇಳುತ್ತೇನೆ. ನೀನು ಹೋದ ಎರಡನೆಯ ತಿಂಗಳಿಗೆ ಹಿನ್ನೀರಿನ ದೋಣಿಗಳಿಗೆಲ್ಲ ಒಂದೊಂದು ಡಬ್ಬಿ ಕೂರಿಸಿದರು. ಟ್ರಾನ್ಸ್‌ಪಾಂಡರ್ ಎಂದು ಅದರ ಹೆಸರು. ಮೂರು ಸಲ ಹೇಳುವುದರೊಳಗೆ ಆಚೆ ದಂಡೆ ಬರುತ್ತದೆ, ಹಾಗಾಗಿ ನಾವು ಡಬ್ಬಿ ಎನ್ನುತ್ತೇವೆ. ಬುತ್ತಿ ಡಬ್ಬಿಯಷ್ಟೇ ಇದೆ, ಮೇಲೊಂದು ಕಡ್ಡಿ, ಒಂದು ಹಸಿರು ದೀಪ, ಮುಚ್ಚಳದ ಕೆಳಗೊಂದು ಕೆಂಪು ಗುಂಡಿ. ದೋಣಿ ಎಲ್ಲಿದೆ ಎಂದು ಅದು ರೇಡಿಯೋದಲ್ಲಿ ಸಾರುತ್ತಲೇ ಇರುತ್ತದೆ, ಬಾಗಲಕೋಟೆಯ ಕಚೇರಿಯ ಪರದೆ ಮೇಲೆ ನಮ್ಮ ದೋಣಿ ಒಂದು ಚುಕ್ಕಿಯಾಗಿ ಹರಿದಾಡುತ್ತದೆ. ಆಪತ್ತು ಬಂದರೆ ಗುಂಡಿ ಒತ್ತಬೇಕು, ಅವರು ಓಡಿ ಬರುತ್ತಾರೆ. ಡಬ್ಬಿಗೆ ನಾನು ಬೈಯುವುದಿಲ್ಲ. ಎರಡು ವರ್ಷದ ಹಿಂದೆ ಮಹಾಪೂರದಲ್ಲಿ ದೋಣಿ ನಿನ್ನ ಮೇಲೆ ಬೋರಲಾಗಿ ಬಿದ್ದು ನೀನು ಕೆಳಗೆ ಸಿಕ್ಕಿಕೊಂಡಾಗ ಇದು ಇದ್ದಿದ್ದರೆ, ನಿನ್ನ ಜೀವದ ಗೆಳೆಯ ಗುರಪ್ಪ ಬಂದು ಎಳೆಯುವ ತನಕ ನೀನು ಅಷ್ಟು ಹೊತ್ತು ಕತ್ತಲೆ ಕುಡಿಯುತ್ತಿರಲಿಲ್ಲ. ಇಡೀ ಹಿನ್ನೀರಿಗೆ ಹೆಸರಾದ ಈಸುಗಾರ ಬಕೆಟ್ಟಿನ ನೀರಿಗೂ ಅಂಜುವ ಹಾಗೆ ಆಗುತ್ತಿರಲಿಲ್ಲ.

ತೊಡಕು ಎಲ್ಲಿದೆಯೆಂದರೆ, ಆ ಚುಕ್ಕಿಯ ಪಕ್ಕದಲ್ಲಿ ಪರವಾನಗಿ ಇದ್ದವರ ಹೆಸರು ಬರುತ್ತದೆ. ಹೀಗಾಗಿ ಒಂದು ವರ್ಷದಿಂದ ಹಾಲೇಶ ದಿನಕ್ಕೆ ಎಂಟು ಖೇಪು ಹೊಡೆಯುತ್ತಿದ್ದಾನೆ. ಜ್ವರವಿಲ್ಲ, ಜಾತ್ರೆಯಿಲ್ಲ, ಬೀಗರ ಮದುವೆಯಿಲ್ಲ. ನೀನು ಇಲ್ಲಿದ್ದಾಗ ಇಷ್ಟು ದುಡಿದದ್ದು ನನಗಂತೂ ನೆನಪಿಲ್ಲ. ಕಚೇರಿಯಿಂದ ಫೋನು ಬಂದರೆ "ದೋಣಿ ನಡಸಾಕತ್ತಾನ್ರೀ, ಕೈ ಖಾಲಿ ಇಲ್ಲ" ಎಂದು ಇಡುತ್ತಿದ್ದೆ. ಊರಿಗೆ ನೀನೇ ಹೇಳಿಸಿದ ಮಾತು, ಹಾಲೇಶ ಮಹಾಲಿಂಗಪುರದ ಬೆಲ್ಲದ ಅಡತಿ ಅಂಗಡಿಯಲ್ಲಿದ್ದಾನೆ, ಆಗಾಗ ಬಂದು ಹೋಗುತ್ತಾನೆ. ದೋಣಿ ನಡೆಸುವುದು ನಾನೇ ಎಂದು ಎರಡೂ ದಂಡೆಗೆ ಗೊತ್ತು. ದೋಣಿ ನಿಂತರೆ ದವಾಖಾನೆಗೆ ನಲವತ್ತು ಕಿಲೋಮೀಟರ್ ಸುತ್ತು, ಹಾಗಾಗಿ ಯಾರೂ ಬಾಯಿ ಬಿಡಲಿಲ್ಲ. ನನ್ನ ಹೆಸರಿಗೆ ಪರವಾನಗಿ ಬರೆಸಲು ಎರಡು ಸಲ ಹೋಗಿ ಬಂದೆ. "ಹೆಣ್ಣಮಗಳ ಕೈಯಾಗ ಹೊಳಿ ಹೆಂಗ ಕೊಡೂಣವಾ?" ಎಂದರು. ಹೊಳೆ ಬೇಡ್ರೀ, ಒಂದು ಕಾಗದ ಕೊಟ್ಟರೆ ಸಾಕು ಎಂದೆ. ಕಾಗದವನ್ನೂ ಕೊಡಲಿಲ್ಲ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಕುರುಬರ ಸಿದರಾಯನ ಕುರಿಗಳನ್ನು ಹನ್ನೆರಡು ಹನ್ನೆರಡರಂತೆ ದಾಟಿಸುತ್ತಿದ್ದೆ. ಮೊದಲ ಖೇಪಿನಲ್ಲಿ ಅವನ ಟಗರನ್ನೂ ಹತ್ತಿಸಿ, ಜಾಗವಿಲ್ಲವೆಂದು ಡಬ್ಬಿಯ ಪಕ್ಕದಲ್ಲೇ ಕಟ್ಟಿದೆವು. ತಪ್ಪು ನನ್ನದೇ. ನಡುಹೊಳೆಗೆ ಬಂದಾಗ ಆ ಹಸಿರು ದೀಪ ಅದಕ್ಕೆ ಇನ್ನೊಂದು ಟಗರಿನ ಕಣ್ಣಿನಂತೆ ಕಂಡಿತೋ ಏನೋ, ಹಿಂದೆ ಸರಿದು ಒಂದೇ ಗುದ್ದು. ಮುಚ್ಚಳ ಚೂರು, ಗುಂಡಿ ಒಳಗೆ. ಇಂಜಿನ್ ಬಂದ್ ಮಾಡಿ ನಾನೊಂದು ಕೊಂಬು, ಸಿದರಾಯನೊಂದು ಕೊಂಬು ಹಿಡಿದು ಜಗ್ಗಿದೆವು. ನಾಲ್ಕು ನಿಮಿಷ ಹಿಡಿಯಿತು. ನಾಲ್ಕೇ ಎಂದು ನನಗೆ ಹೇಗೆ ಗೊತ್ತು ಎನ್ನುವುದನ್ನು ಮುಂದೆ ಹೇಳುತ್ತೇನೆ. ಗುದ್ದಿಗೆ ಇಂಧನದ ಪೈಪೂ ಕಿತ್ತಿತ್ತು, ಗಾಳಿಗೆ ದೋಣಿ ಸರಿಯುತ್ತಿರುವಾಗಲೇ ಅದನ್ನು ಕಟ್ಟಿ ಮತ್ತೆ ಇಂಜಿನ್ ಹೊತ್ತಿಸಿ ದೋಣಿಯನ್ನು ಸ್ವಲ್ಪ ಮುಂದಕ್ಕೆ ಒಯ್ಯುವಷ್ಟರಲ್ಲಿ ರಕ್ಷಣೆಯವರ ರಬ್ಬರ್ ದೋಣಿ ಬಂತು. ಸಾಹೇಬನ ಮೊದಲ ಪ್ರಶ್ನೆ, "ಹಾಲೇಶ ಎಲ್ಲಿ?"

ನಾನು ಬಾಯಿ ತೆರೆಯುವುದರೊಳಗೆ ಸಿದರಾಯ ನನಗೆ ಉಪಕಾರ ಮಾಡಿದ. "ಈಗ ಇಲ್ಲೇ ಇದ್ನಲ್ರೀ ಸಾಹೇಬರ!" ಸಂತೆಯಲ್ಲಿ ಆ ಮಾತು ನಡೆಯುತ್ತದೆ. ಸುತ್ತ ನೀರಿರುವ ಕಡೆ, ಹನ್ನೆರಡು ಕುರಿಗಳ ನಡುವೆ, ಈಗ ಇಲ್ಲೇ ಇದ್ದ ಎಂದರೆ ಏನರ್ಥವಾಗಬೇಕು? ಸಾಹೇಬ ನೀರು ನೋಡಿದ, ನನ್ನ ಮುಖ ನೋಡಿದ. "ಬಿದ್ದನೇನವ್ವಾ?" ಇಲ್ಲ ಎಂದರೆ ಪರವಾನಗಿ ಇಲ್ಲದೆ ದೋಣಿ ನಡೆಸಿದ್ದಕ್ಕೆ ಅಲ್ಲೇ ಜಪ್ತಿ. ನಾನು ಒಂದು ಸಲ ತಲೆ ಆಡಿಸಿದೆ. ಒಂದೇ ಸಲ, ಹಾಲೇಶ. ಸಂಜೆಗೆ ಇನ್ನೊಂದು ಸುಳ್ಳು ಹೇಳಿ, ಆಚೆ ದಂಡೆಗೆ ಈಸಿ ಹೋಗಿದ್ದನಂತೆ ಎಂದು ಸರಿದೂಗಿಸಿದರಾಯಿತು ಎಂದುಕೊಂಡೆ. ಮಾತಿನಿಂದ ಬದುಕಿದವಳಲ್ಲವೇ ನಾನು, ಸೊಕ್ಕಿತ್ತು.

ಆದರೆ ಸಾಹೇಬ ಬಾಗಲಕೋಟೆಗೆ ಫೋನು ಮಾಡಿದ. ನಿನ್ನ ಚುಕ್ಕಿ ಆರು ನಲವತ್ತೆರಡರಿಂದ ನಾಲ್ಕು ನಿಮಿಷ ಒಂದೇ ಕಡೆ ನಿಂತಿತ್ತು, ಆಮೇಲೆ ಕದಲಿತು ಎಂದರು ಅಲ್ಲಿಯವರು. ಹಾಗಾದರೆ ಬಿದ್ದದ್ದು ಅಲ್ಲೇ. ಗೇಣು ಆಚೆ ಇಲ್ಲ, ಗೇಣು ಈಚೆ ಇಲ್ಲ. ಅಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಡ್ರಮ್ ತೇಲಿಬಿಟ್ಟು ಗುರುತು ಮಾಡಿದರು. ಟಗರು ಜಗ್ಗಿದ ಜಾಗ ಈಗ ನೀನು ಮುಳುಗಿದ ಜಾಗ. "ಮಷೀನ್ ಸುಳ್ಳ ಹೇಳೂದಿಲ್ಲವಾ" ಎನ್ನುತ್ತಾನೆ ಸಾಹೇಬ. ಖರೆ. ಸುಳ್ಳು ಹೇಳಿದವರು ನಾವು, ಅದು ಎಲ್ಲಿ ಹೇಳಿದೆವು ಎನ್ನುವುದನ್ನಷ್ಟೇ ಬರೆದಿಟ್ಟುಕೊಂಡಿದೆ.

ಡ್ರಮ್ ತೇಲುತ್ತಿರುವುದು ಮುಳುಗಡೆಯಾದ ಹಳೆಯ ಊರಿನ ಮೇಲೆ. ಕೆಳಗೆ ಬಿದ್ದ ಗೋಡೆಗಳು, ಜಾಲಿ ಗಿಡಗಳು, ಹರಿದ ಬಲೆಗಳು. ಬೇರೆಯವರು ಮೇಲಿಂದ ಕೊಕ್ಕೆ ಇಳಿಸಿ ಹುಡುಕುತ್ತಾರೆ, ಗುರಪ್ಪ ಮಾತ್ರ ಮುಳುಗುತ್ತಾನೆ. ಯಾರೂ ಕರೆದಿರಲಿಲ್ಲ, ಸುದ್ದಿ ಕೇಳಿ ಬಲೆಗಳನ್ನು ಅಲ್ಲೇ ಬಿಟ್ಟು ಬಂದ. ಮಂಗಳವಾರ ಮಧ್ಯಾಹ್ನ ಅವನ ಕಾಲು ಜಾಲಿ ಬೊಡ್ಡೆಗೆ ಸಿಕ್ಕಿತು. ಮೇಲೆ ಬಂದಾಗ ಮೂಗಿನಿಂದ ರಕ್ತ ಹರಿಯುತ್ತಿತ್ತು. ಒರೆಸಿಕೊಂಡು ನನಗೆ "ಅಕ್ಕಾ, ಒಮ್ಮೆ ತಗದೇನಿ, ಇನ್ನೊಮ್ಮೆ ತಗೀತೇನಿ" ಎಂದ.

ಆಗ ನನ್ನ ಸೊಕ್ಕು ಇಳಿಯಿತು. ಸಾಹೇಬನ ಎದುರು ಕೂತು ಇದ್ದದ್ದು ಇದ್ದ ಹಾಗೆ ಹೇಳಿದೆ. ನನ್ನ ತಮ್ಮ ಬದುಕಿದ್ದಾನೆ, ಮಿರಜದಲ್ಲಿದ್ದಾನೆ, ಸೋಮವಾರ ದೋಣಿಯಲ್ಲಿ ಇರಲೇ ಇಲ್ಲ, ದೋಣಿ ಒಯ್ಯಿರಿ, ಹುಡುಕುವುದನ್ನು ನಿಲ್ಲಿಸಿರಿ. ಸಾಹೇಬ ನನಗೊಂದು ಗ್ಲಾಸು ನೀರು ಕೊಟ್ಟ. "ಸಮಾಧಾನ ಮಾಡ್ಕೋವಾ. ನಮ್ಮ ಕಾಕಾ ಹೋದಾಗ ನಮ್ಮ ಕಾಕೂನೂ ಹಿಂಗ ಅಂತಿದ್ಲು." ಹಾಗಾದರೆ ನಂಬರ್ ಕೊಡು, ಮಾತಾಡುತ್ತೇನೆ ಎಂದ. ನೀನೋ ನಂಬರೇ ಇಲ್ಲದ ಮಹಾರಾಜ. ಕಳೆದ ತಿಂಗಳು ನೀನು ಮಾತಾಡಿದ ಫೋನಿಗೆ ಹಚ್ಚಿದೆ, ಪುಣೆಯ ಒಬ್ಬ ಗಿರಾಕಿ ಮರಾಠಿಯಲ್ಲಿ ಉಗಿದ. ಸಾಹೇಬ ಪಕ್ಕದಲ್ಲೇ ಕೇಳಿಸಿಕೊಂಡ. ಖಾನಾವಳಿಯ ಹೆಸರು ಕೇಳಿದ, ಅದೂ ನನಗೆ ಗೊತ್ತಿಲ್ಲ. ಅಲ್ಲಿಗೆ ನನ್ನ ಖರೆ ಮಾತಿನ ಬೆಲೆ ಮುಗಿಯಿತು. ವರ್ಷವಿಡೀ ಸುಳ್ಳು ಹೇಳಿದೆ, ಎಲ್ಲರೂ ನಂಬಿದರು. ಒಂದು ಸಲ ಖರೆ ಹೇಳಿದೆ, ನೀರು ಕುಡಿಸಿದರು.

ಸಿದರಾಯ ಸಾಕ್ಷಿ ಹೇಳಬಹುದಿತ್ತು. ಅವನು ಸೋಮವಾರವೇ ಪಂಚರ ಎದುರು "ಬೀರಪ್ಪನ ಆಣಿ, ಕೆಂಪ ಬನಿಯನ್ ಹಾಕಿದ್ದಾ" ಎಂದು ನಿನಗೆ ಬಟ್ಟೆ ಬೇರೆ ತೊಡಿಸಿ, ಕುರಿ ಹೊಡೆದುಕೊಂಡು ಗುಡ್ಡದಾಚೆ ಹೋದ. ಅವನ ಫೋನು ಹತ್ತುವುದಿಲ್ಲ. ನಾನು ದುಃಖದಲ್ಲಿ ಹೊಳೆಗೆ ಹಾರಿಬಿಟ್ಟೇನೆಂದು ದಾನೇಶ್ವರಿ ಎಂಬ ಹೆಣ್ಣು ಪೊಲೀಸನ್ನು ಕಾವಲಿಟ್ಟಿದ್ದಾರೆ. ಛಲೋ ಹುಡುಗಿ. ನಾನು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ನಿಂತು "ಅಕ್ಕಾ, ಅದೀರಿಲ್ಲೋ?" ಎನ್ನುತ್ತಾಳೆ. ಬಸ್ಸು ಹತ್ತಿ ನಾನೇ ಬರೋಣವೆಂದರೆ ಅಂಗಳ ದಾಟಲು ಬಿಡುವುದಿಲ್ಲ.

ಮನೆಯ ಸ್ಥಿತಿ ಕೇಳು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ, ಹನ್ನೊಂದು ಮನೆಗಳಿಂದ ರೊಟ್ಟಿ ಬಂದಿದೆ. ಜೀವಂತ ಇರುವ ನಿನ್ನ ಸಲುವಾಗಿ ಅವರ ರೊಟ್ಟಿ ತಿನ್ನಲು ಮನಸ್ಸು ಒಪ್ಪುವುದಿಲ್ಲ, ಬಿಟ್ಟರೆ "ಪಾಪ, ಅನ್ನ ಬಿಟ್ಟಾಳ" ಎಂದು ಇನ್ನೆರಡು ಬುಟ್ಟಿ ಬರುತ್ತವೆ. ಅವ್ವನಿಗೆ ಚಹಾ ಇಲ್ಲದೆ ತಲೆಶೂಲೆ. ಅವಳು ಅಳುವುದಿಲ್ಲ, ಅತ್ತು ಗೊತ್ತಿಲ್ಲದವಳು ಸುಳ್ಳು ಸುಳ್ಳೇ ಹೇಗೆ ಅಳಬೇಕು? ಇಂದ್ರವ್ವ ಕಲ್ಲಾಗಿ ಕೂತಾಳ ಎಂದು ಹೆಂಗಸರು ಅವಳ ಪಾಲಿನದನ್ನೂ ತಾವೇ ಅಳುತ್ತಿದ್ದಾರೆ. ನಿನ್ನೆ ಅವರಿಗೂ ಖರೆ ಹೇಳಿದೆ. ದನಿ ಇನ್ನೂ ಏರಿತು.

ನೀನು ಹೋಗುವಾಗ, ನೀರಿಗೆ ಅಂಜಿ ಓಡಿದೆನೆಂದು ಯಾರಿಗೂ ಹೇಳಬೇಡ ಎಂದು ನನ್ನ ಕೈ ಹಿಡಿದಿದ್ದೆ. ಈಗ ಸಾಹೇಬನಿಗೆ ಹೇಳಿದ್ದೇನೆ, ಅದಕ್ಕೆ ತಪ್ಪಾಯಿತು ಎನ್ನುತ್ತೇನೆ. ಬಾ ಎಂದು ಜುಲುಮೆ ಮಾಡುವುದಿಲ್ಲ. ಹೊಳೆ ಕಂಡರೆ ನಿನಗೆ ಏನಾಗುತ್ತದೆಂದು ನಾನು ಕಣ್ಣಾರೆ ನೋಡಿದವಳು. ಬರುವ ಮನಸ್ಸಾದರೆ ಮುಧೋಳದ ಮೇಲಿಂದ ಬಾ, ನೀರಿಗೆ ಕಾಲಿಡಬೇಕಾಗಿಲ್ಲ, ಸಾಹೇಬನ ಎದುರು ನಿಂತು ಹೆಸರು ಹೇಳಿದರೆ ಸಾಕು. ದೋಣಿ ಹೋಗುತ್ತದೆ, ಹೋಗಲಿ. ಈ ಪತ್ರ ಮಹಾಲಿಂಗಪುರದ ಗಿರಮಲ್ಲಪ್ಪನ ಕೈಯಲ್ಲಿ ಕೊಡುತ್ತೇನೆ. ಬೆಲ್ಲದ ಲಾರಿ ತಗೊಂಡು ಇವತ್ತು ಮಿರಜಕ್ಕೆ ಹೊರಟಿದ್ದಾನೆ, ಸ್ಟೇಷನ್ ಎದುರಿನ ಖಾನಾವಳಿಗಳಲ್ಲೆಲ್ಲ ವಿಚಾರಿಸುತ್ತೇನೆಂದಿದ್ದಾನೆ. ನಾಳೆ ನಸುಕಿಗೆ ಇಲ್ಲಿಗೆ ಮರಳಿ ಬರುತ್ತಾನೆ, ಅವನ ಪಕ್ಕದಲ್ಲಿ ಒಬ್ಬರು ಕೂಡುವಷ್ಟು ಜಾಗವಿದೆ.

ಅವ್ವನ ಆಶೀರ್ವಾದ. ಗಂಜಿ ಕುಡಿದಾದರೂ ಸುಖವಾಗಿರು, ಬೀರಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಲಗಮವ್ವ

ತಾ.ಕ.: ಲಾರಿ ಹಾರ್ನ್ ಹೊಡೆಯುತ್ತಿದೆ, ಗೀಚುತ್ತಿದ್ದೇನೆ. ಡ್ರಮ್ಮಿನ ಕೆಳಗೆ ಹಳೆಯ ಊರಿನ ಬಾವಿ ಇದೆಯಂತೆ, ನೀನು ಅದರೊಳಗೆ ಸೇರಿರಬೇಕೆಂದು ಲೆಕ್ಕ ಹಾಕಿದ್ದಾರೆ. ಬಾವಿಯೊಳಗೆ ಇಳಿಯಲು ಬೇರೆ ಯಾರೂ ಒಪ್ಪಲಿಲ್ಲ. ಗುರಪ್ಪ ಇವತ್ತು ಒಮ್ಮೆ, ನಾಳೆ ಬೆಳಿಗ್ಗೆ ಎಂಟಕ್ಕೆ ಇನ್ನೊಮ್ಮೆ ಇಳಿಯುತ್ತಾನೆ. ಈಗಷ್ಟೇ ಅವನು ಹಗ್ಗ ಕೇಳಲು ನಮ್ಮ ಅಂಗಳಕ್ಕೆ ಬಂದಾಗ ತೋಳು ಹಿಡಿದು ಎಲ್ಲ ಹೇಳಿದೆ, ನೀನು ಹೆದರಿದ್ದು, ಓಡಿದ್ದು, ಚಪಾತಿ, ಎಲ್ಲ. ಅವನು ನನ್ನ ಕೈ ಮೆತ್ತಗೆ ಬಿಡಿಸಿಕೊಂಡು "ಅಂವ ಬದುಕಿದ್ರ ನನಗ ಒಂದ್ ಮಾತ್ ಹೇಳದ ಹೋಗ್ತಿದ್ನೇನಕ್ಕಾ?" ಎಂದ. ಇದಕ್ಕೆ ಉತ್ತರ ನೀನೇ ಬಂದು ಹೇಳಬೇಕು, ಹಾಲೇಶ. ಜುಲುಮೆ ಮಾಡುವುದಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದು ಹಾಕು. ಇದೇ ಲಾರಿ ಹತ್ತು. ಅವನು ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದಾನೆ.