ಮಿತ್ರಾ ಇನ್ನೊಂದು ರೊಟ್ಟಿ ಕೇಳಿದ್ಲು

ಅವ್ವಾ,

ನೀ ಕಾಯಿಪಲ್ಲೆ ತರಾಕ ಹೋದಾಗ ನಮ್ಮ ಮಿತ್ರಾ ಅಡಗಿಮನಿಗೆ ಬಂದು, "ಚಿಗವ್ವಾ, ಇನ್ನೊಂದು ರೊಟ್ಟಿ ಕೊಡ್ತಿಯೇನ?" ಅಂದ್ಲು! ತನ್ನ ಕಾಕಾನ ಮನ್ಯಾಗ ತುತ್ತು ತುತ್ತಿಗೂ ಹೊಡತ ತಿಂದ ಅಕ್ಕನ ಮಗಳು, ಇಲ್ಲಿಗೆ ಬಂದು ಏಳು ತಿಂಗಳದಾಗ ತಾನಾಗೇ ಕೇಳಿದ್ದು ಇದೇ ಮೊದಲು. ತಿಂದದ್ದನ್ನ ಬಚ್ಚಲಕ್ಕ ಓಡಿ ವಾಂತಿ ಮಾಡಲೂ ಇಲ್ಲ. ನನ್ನ ಜೋಡಿ ಕೂತು ನಕ್ಕೋತ ಮಾತಾಡಿ ಸಾಲಿಗೆ ಹೋದ್ಲು. ಖರೇನ ಅವ್ವಾ!

ನಾ ಆಫೀಸಿಗೆ ಹೊಂಟೇನಿ. ಮಧ್ಯಾಹ್ನ ಅಕಿ ಬಂದ ಮ್ಯಾಲೆ ಇಬ್ಬರೂ ಕೂಡಿ ಉಣ್ಣರಿ.

ಎಷ್ಟು ಉಂಡ್ಲು ಅಂತ ಎಣಿಸಬ್ಯಾಡ.
ಉಣ್ಣದಿದ್ರ ಬೈಬ್ಯಾಡ, ಉಂಡ್ರ ಹೊಗಳಲೂಬ್ಯಾಡ. ಡಾಕ್ಟರಬಾಯಾರು ಹೇಳಿದ್ದು ನೆನಪೈತೆಲ್ಲಾ?
ಅಕಿ ಕಾಕಾ ಫೋನ್ ಮಾಡಿದ್ರ ಎತ್ತಬ್ಯಾಡ.

ಅಳು ಬಂದ್ರ ಅಕಿ ಬರೂದ್ರಾಗ ಮಾಳಗಿ ಮ್ಯಾಲೆ ಹೋಗಿ ಅತ್ತುಬಿಡು. ನಾ ಅತ್ತು ಮುಗಿಸೇನಿ.

ಯಶೂ